ಕಿವುಡನ ಮುಂದೆ ಕವಾಯತು

ಜಾಬರ್ ತೀರಿಕೊಂಡ ದಿನ ಅವನ ಮನೆಯ ಮುಂದೆ ಸೇರಿದ ಜನ ಅತ್ತರು. ಅತ್ತು ಸುಸ್ತಾದ ಮೇಲೆ ನಕ್ಕರು. ಅವನು ಬಿಟ್ಟುಹೋದ ಕಥೆಯೇ ಅಂಥದ್ದು. ವಿದ್ಯುತ್ ಮಗ್ಗಗಳ ಶೆಡ್ಡಿನಲ್ಲಿ ಕೆಟ್ಟ ಮಗ್ಗ ಸರಿಮಾಡುವವನು ಜಾಬರ್. ಅರ್ಧ ಆಯುಸ್ಸನ್ನು ಆ ಸದ್ದಿನೊಳಗೆ ಕಳೆದು ಅವನ ಎರಡೂ ಕಿವಿ ಹೋಗಿದ್ದವು. ಹೋದ ಹೊಸದರಲ್ಲಿ ಒಂದು ಮದುವೆ ಊಟಕ್ಕೆ ಕೂತಿದ್ದಾಗ ಹೆಂಡತಿಯ ಕಡೆ ಬಾಗಿ, ಪಿಸುಗುಡುತ್ತಿದ್ದೇನೆ ಅಂತಲೇ ನಂಬಿಕೊಂಡು, "ಹುಡುಗಿ ಬಂಗಾರ ಕಣೇ. ಹುಡುಗನ್ನ ಮಾತ್ರ ಸಂತೆ ಮುಗಿದ ಮೇಲೆ ತಂದ ಹಾಗಿದೆ" ಅಂದುಬಿಟ್ಟಿದ್ದ. ತನ್ನ ದನಿ ತನಗೇ ಕೇಳದವನಿಗೆ ಪಿಸುಮಾತು ಯಾವುದು, ಡಂಗುರ ಯಾವುದು? ಊಟದ ಹಾಲ್ ಪೂರ್ತಿ ಕೇಳಿಸಿಕೊಂಡಿತು. ತುತ್ತು ಬಾಯಿಗಿಡುತ್ತಿದ್ದ ಮದುಮಗನ ಕೈ ಅಲ್ಲೇ ನಿಂತಿತು. ಸಾವಿನ ದಿನ ಈ ಕಥೆಯನ್ನು ಎಲ್ಲರಿಗಿಂತ ಚೆನ್ನಾಗಿ ಹೇಳಿದವನು ಅದೇ ಮದುಮಗ. ಈಗ ಅವನಿಗೂ ತಲೆ ನರೆತಿದೆ.

ಆ ಊಟದ ನಂತರ ಏನಾಯಿತೆಂದು ಮಾತ್ರ ಅಲ್ಲಿ ಯಾರೂ ಹೇಳಲಿಲ್ಲ. ಜಾಬರ್ ಅವತ್ತು ಮನೆಗೆ ಬಂದು ಕೈಕಾಲು ತೊಳೆದು ಕೂತವನು ತನ್ನ ದನಿಗೆ ಬೀಗ ಹಾಕಿಬಿಟ್ಟ. ಮೂಕನಾದನೆಂದಲ್ಲ. ಮಾತಾಡುತ್ತಿದ್ದ, ಬೇಕಾದಷ್ಟು ಮಾತಾಡುತ್ತಿದ್ದ. ಆದರೆ ಶೆಡ್ಡಿನ ಮಾತು.

ಮಗ್ಗಗಳು ಓಡುವಾಗ ಪಕ್ಕದಲ್ಲಿ ನಿಂತು ಅರಚಿದರೂ ಕೇಳುವುದಿಲ್ಲ. ಹಾಗಾಗಿ ಅಲ್ಲಿಯವರು ಅರಚುವುದೇ ಇಲ್ಲ. ಬಾಯಿ ಅಗಲಿಸಿ, ತುಟಿ ತಿದ್ದಿ, ಹುಬ್ಬು ಕುಣಿಸಿ, ದನಿಯೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ಮಾತಾಡುತ್ತಾರೆ. ಈ ತುದಿಯ ಮಗ್ಗದವಳು ಆ ತುದಿಯವಳಿಗೆ ಅತ್ತೆಯ ಮೇಲೆ ಚಾಡಿ ಹೇಳಬಲ್ಲಳು. ಗುಟ್ಟು ಹೇಳಬೇಕೆಂದರೆ ಬಾಯಿಗೆ ಕೈ ಅಡ್ಡ ಹಿಡಿಯಬೇಕು, ಇಲ್ಲದಿದ್ದರೆ ಸಾಲಿಗೆ ಸಾಲೇ ಓದಿಕೊಳ್ಳುತ್ತದೆ. ಜಾಬರನ ಹೆಂಡತಿಯೂ ಮೊದಲು ಅಲ್ಲಿಯೇ ನೂಲು ಸುತ್ತುತ್ತಿದ್ದವಳು, ಅವಳಿಗೆ ಇದು ನೀರು ಕುಡಿದಷ್ಟು ಸಲೀಸು. ಬೇರೆ ಹೆಂಡಂದಿರು "ರೀ" ಎಂದು ಕರೆದರೆ ಇವಳು ಗಂಡನ ತೋಳು ಚಿವುಟುತ್ತಿದ್ದಳು. ಚಿವುಟಿನ ಬಿಸಿಯಲ್ಲೇ ಮುಂದಿನ ಮಾತು ಎಂಥದ್ದೆಂದು ಅವನಿಗೆ ಗೊತ್ತಾಗುತ್ತಿತ್ತು.

ಒಬ್ಬಳೇ ಮಗಳು ಬೆಳೆದದ್ದು ಈ ಸದ್ದಿಲ್ಲದ ಮಾತಿನ ನಡುವೆ. ಮನೆಯಲ್ಲಿ ಅವಳನ್ನು ಗುಬ್ಬಿ ಎನ್ನುತ್ತಿದ್ದರು, ಉದ್ದ ಕಾಲಿನ ಗುಬ್ಬಿ. ಓಡಿದರೆ ಬೀದಿನಾಯಿಯೂ ಹಿಂದೆ ಉಳಿಯುತ್ತಿತ್ತು. ಶಾಲೆಯಲ್ಲಿ ಪರೀಕ್ಷೆಯ ದಿನ ಗೆಳತಿಯರೆಲ್ಲ, ತುಟಿಯಲ್ಲೇ ಉತ್ತರ ಹೇಳಿಕೊಡುವ ಅವಳ ಮುಖ ಕಾಣುವ ಬೆಂಚಿಗೇ ಜಗಳವಾಡುತ್ತಿದ್ದರಂತೆ. ಓದು ಮುಗಿದ ಮೇಲೆ ಅವಳೂ ಅಪ್ಪನ ಶೆಡ್ಡಿಗೆ ಸೇರಿದಳು. ಮಗ್ಗ ಕೆಡುವ ಮೊದಲು ಅದರ ಸದ್ದು ಕೆಡುತ್ತದೆ. ಆ ಕೆಟ್ಟ ಸದ್ದು ಕೇಳಿದ ಕೂಡಲೇ ಗುಬ್ಬಿ ಬೆರಳು ತೋರಿಸುತ್ತಿದ್ದಳು, ಜಾಬರ್ ನಟ್ಟು ತಿರುಗಿಸುವ ಪಾನಾ ಹಿಡಿದು ಹೋಗುತ್ತಿದ್ದ. ರಸ್ತೆಯಲ್ಲಿ ಹಿಂದಿನಿಂದ ಲಾರಿ ಬಂದರೆ ಅವಳೇ ಅವನ ತೋಳೆಳೆಯುತ್ತಿದ್ದಳು. ಅಪ್ಪನ ಕೆಲಸ ಉಳಿದಿದ್ದದ್ದು ಮಗಳ ಕಿವಿಯಿಂದ. ಇದು ಮೇಸ್ತ್ರಿಗೂ ಗೊತ್ತಿತ್ತು, ಜಾಬರನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಒಂದು ಸಂಜೆ ಊಟಕ್ಕೆ ಕೂತಾಗ ಗುಬ್ಬಿ ಅಪ್ಪನ ಮುಂದೆ ಮಂಡಿಯೂರಿ ಕೂತು, ಮುಖ ನೇರ ಮಾಡಿ, ಒಂದೇ ಉಸಿರಿಗೆ ಏನೋ ಹೇಳಿದಳು. ಅವಳಿಗೆ ಹೆದರಿಕೆಯಾಗಿತ್ತು, ತುಟಿ ಸರಿಯಾಗಿ ತೆರೆಯಲಿಲ್ಲ. ಜಾಬರ್ ಓದಿಕೊಂಡದ್ದು: "ಅಪ್ಪಾ, ನಾನು ಸನ್ಯಾಸಕ್ಕೆ ಸೇರ್ತೀನಿ."

ತಟ್ಟೆ ಪಕ್ಕಕ್ಕೆ ಸರಿಸಿದ. "ಯಾಕಮ್ಮಾ? ಏನು ಕಡಿಮೆಯಾಯ್ತು? ಮದುವೆ ಬೇಡ ಅಂದ್ರೆ ಬೇಡ, ನಾವೇನು ಕುತ್ತಿಗೆ ಹಿಡಿದು ದಬ್ಬುತ್ತಿದ್ದೀವಾ? ಅದಕ್ಕೆ ತಲೆ ಬೋಳಿಸಿಕೊಂಡು ಹೋಗ್ತಾರಾ?"

"ಬೋಳಿಸಲ್ಲ ಅಪ್ಪಾ, ಗಿಡ್ಡ ಮಾಡ್ತಾರೆ ಅಷ್ಟೇ. ಊಟ, ಬಟ್ಟೆ ಎಲ್ಲಾ ಅವರದ್ದೇ. ಬಂದೂಕು ಕೂಡ ಕೊಡ್ತಾರೆ."

"ಸನ್ಯಾಸಿಗೆ ಬಂದೂಕು ಯಾಕೆ?"

ಅಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತ ಗೋಡೆಗೆ ಒರಗಿದಳು. ಗುಬ್ಬಿ ಅಪ್ಪನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಮಗುವಿಗೆ ಅಕ್ಷರ ಕಲಿಸುವ ಹಾಗೆ ಬಿಡಿಸಿ ಹೇಳಿದಳು: "ಸೈ. ನ್ಯ. ಸೈನ್ಯ."

"ಓ, ಸೈನ್ಯನಾ!" ಜಾಬರನ ಎದೆಯ ಮೇಲಿನ ಕಲ್ಲು ಇಳಿಯಿತು. "ಅಷ್ಟೇ ತಾನೆ? ಹೋಗು, ಹೋಗು. ಅದಕ್ಕೇನಂತೆ!"

ಹೀಗೆ, ಉಸಿರು ಬಂದ ಖುಷಿಯಲ್ಲಿ ಒಪ್ಪಿಗೆ ಕೊಟ್ಟುಬಿಟ್ಟ. ಕೈ ತೊಳೆಯುವಾಗ ತಾನು ಕೊಟ್ಟದ್ದೇನೆಂದು ಹೊಳೆಯಿತು. ಆದರೆ ಆಡಿದ ಮಾತನ್ನು ಮರಳಿ ನುಂಗುವ ಜಾಯಮಾನ ಅವನದಲ್ಲ, ಅದು ದನಿಯಿಲ್ಲದ ಮಾತಾದರೂ ಸರಿ.

ಅಮ್ಮ ಎದುರಿಗೇ ಬೇಡವೆಂದಳು. "ನಾನು ಬುದ್ಧಿ ಬಂದಾಗಿಂದ ಅಣ್ಣನ ದಾರಿ ಕಾಯ್ದೆ. ಈಗ ಮಗಳದ್ದೂ ಕಾಯಬೇಕಾ? ನಿಮ್ಮಪ್ಪನ ಬೆನ್ನ ಹಿಂದೆ ಲಾರಿ ಬಂದರೆ ಯಾರು ಎಳೀತಾರೆ?"

ಗುಬ್ಬಿ ಹೇಳಿದಳು: "ಮೊನ್ನೆ ಹಾಲು ಉಕ್ಕಿದ್ದು ನಂಗೆ ಕೇಳಿಸಲೇ ಇಲ್ಲಮ್ಮ. ಶೆಡ್ಡಿಂದ ಬಂದ ಮೇಲೆ ಕಿವೀಲಿ ಬರೀ ಗುಂಯ್ ಅನ್ನುತ್ತೆ. ಇಲ್ಲೇ ಇದ್ರೆ ನಲವತ್ತಕ್ಕೆ ನಂದೂ ಅಪ್ಪನ ಕಿವಿನೇ. ಆಮೇಲೆ ನನ್ನ ಯಾರು ಎಳೀತಾರೆ?"

ಅಮ್ಮ ಎದ್ದುಹೋಗಿ ಒಲೆಯ ಮೇಲಿನ ಹಾಲು ಇಳಿಸಿದಳು.

ಅಮ್ಮ ಹೇಳಿದ ಆ ಅಣ್ಣ, ಗುಬ್ಬಿಯ ಸೋದರಮಾವ, ಸೈನ್ಯದಲ್ಲಿ ಲಾರಿ ಓಡಿಸಿ ನಿವೃತ್ತನಾದವನು. ಈಗ ಶಾಲೆಯ ವ್ಯಾನು ಓಡಿಸುತ್ತಿದ್ದ. ಸುದ್ದಿ ಸಿಕ್ಕಿದ್ದೇ ತಡ, ಮಡಿಕೆ ಮುರಿಯದ ಪ್ಯಾಂಟಿನಲ್ಲಿ ಹಾಜರಾದ.

"ಸೈನ್ಯ ಅಂದ್ರೆ ಏನು ಅಂದ್ಕೊಂಡಿದ್ದೀಯಮ್ಮಾ? ನಾನು ಅಷ್ಟು ವರ್ಷದಲ್ಲಿ ಶತ್ರು ಮುಖ ಒಂದ್ಸಲನೂ ನೋಡಲಿಲ್ಲ. ನೋಡಿದ್ದೆಲ್ಲ ಗೇರ್‌ಬಾಕ್ಸ್ ಮುಖ. ನಿಲ್ಲು ಅಂದ್ರೆ ನಿಲ್ಲು, ತಿನ್ನು ಅಂದ್ರೆ ತಿನ್ನು. ಬಾಯಲ್ಲಿ ತುತ್ತಿರುವಾಗಲೇ ತಟ್ಟೆ ತೊಳೆದಿಟ್ಟಿರಬೇಕು."

"ಮತ್ತೆ ನೀನ್ಯಾಕೆ ಇದ್ದೆ ಮಾವ?"

ಮಾವ ತಲೆ ಕೆರೆದುಕೊಂಡ. "ಲಾರಿ ಹೋದ ಕಡೆಯೆಲ್ಲ ಜನ ಕೈ ಬೀಸ್ತಿದ್ರು ಕಣೇ. ಈ ಶಾಲೆ ವ್ಯಾನಿಗೆ ಯಾವನು ಕೈ ಬೀಸ್ತಾನೆ? ನಿಲ್ಸು ಅಂತ ಬೀಸ್ತಾನೆ ಅಷ್ಟೇ."

ಮೊದಲ ಸಲ ಸೈನ್ಯದ ಭರ್ತಿಗೆ ಹೋದಾಗ ಗುಬ್ಬಿ ಓಟದಲ್ಲಿ ಮುಂದಿದ್ದಳು. ಎತ್ತರ, ತೂಕ, ಕಣ್ಣು, ಕಿವಿ ಎಲ್ಲ ದಾಟಿದಳು. ಕೊನೆಗೆ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರೂ ತಮ್ಮ ನಂಬರನ್ನು ಕೂಗಿ ಹೇಳಬೇಕೆಂದರು. ಅವಳ ಸರದಿ ಬಂತು. ಅಧಿಕಾರಿ ಮುಂದೆ ಬಂದು ನಿಂತ. ಗುಬ್ಬಿ ಹೇಳಿದಳು: ಬಾಯಿ ಅಗಲಿಸಿ, ತುಟಿ ತಿದ್ದಿ, ಹುಬ್ಬೆತ್ತಿ, ಅಚ್ಚುಕಟ್ಟಾಗಿ ಹೇಳಿದಳು. ದನಿಯೊಂದು ಬರಲಿಲ್ಲ. ಹೆದರಿದ ಗಳಿಗೆಯಲ್ಲಿ ನಾಲಿಗೆಗೆ ಬರುವುದು ಮನೆಯ ಮಾತು ತಾನೆ? ಅವಳ ಮನೆಯ ಮಾತು ಇದು.

"ಜೋರಾಗಿ!" ಅಂದ ಅಧಿಕಾರಿ.

ಜೋರಾಗಿ ಎಂದರೆ ಆ ಮನೆಯಲ್ಲಿ ಬಾಯಿಯನ್ನು ಇನ್ನಷ್ಟು ಅಗಲಿಸುವುದು. ಗುಬ್ಬಿ ಇನ್ನಷ್ಟು ಅಗಲಿಸಿದಳು. ಸಾಲಿನಲ್ಲಿದ್ದವರೆಲ್ಲ ಕಿಸಕ್ಕೆಂದರು. ಅಧಿಕಾರಿ ಇದನ್ನು ಅಣಕವೆಂದುಕೊಂಡ.

"ಬಾಯಿ ಮನೇಲಿಂದ ತಂದು ದನಿ ಮರೆತು ಬಂದಿದ್ದೀಯಾ? ಹೋಗು. ಮುಂದಿನ ಭರ್ತಿಗೆ ಎರಡೂ ತಗೊಂಡು ಬಾ."

ಮನೆಗೆ ಬಂದು ಅವಳು ನಡೆದದ್ದನ್ನು ಹೇಳಿ ಮುಗಿಸಿದಾಗ ಜಾಬರ್ ತಲೆ ತಗ್ಗಿಸಿದ. ಮದುವೆ ಊಟದ ದಿನ ತಾನು ಹಾಕಿಕೊಂಡ ಬೀಗ ಮಗಳ ಗಂಟಲಿಗೆ ಬಿದ್ದಿದೆ ಎಂದು ಅವನಿಗೆ ಅನ್ನಿಸಿತು. ಆಮೇಲೆ ಎದ್ದುಹೋಗಿ ಅವಳ ತಲೆಯ ಮೇಲೆ ಕೈಯಿಟ್ಟು, "ದನಿ ತಾನೆ? ಮಾಡೋಣ ಬಿಡು" ಎಂದ. ಮಗ್ಗದ ಬಿಡಿಭಾಗವೊಂದನ್ನು ತರಿಸೋಣ ಅನ್ನುವ ಹಾಗೆ.

ಕವಾಯತು ಕಲಿಸುವುದು ಮಾವನ ಪಾಲಿಗೆ ಬಂತು. ಆದರೆ ಬೆಳಗ್ಗೆ ಮಕ್ಕಳನ್ನು ಶಾಲೆಗೆ ಬಿಡುವ ಹೊತ್ತಿಗೆ ಅವನು ಓಡಬೇಕು. ಆಮೇಲೆ ಶೆಡ್ಡು ಶುರುವಾಗುವ ತನಕ ಗುಬ್ಬಿಯ ದನಿ ಅಳೆಯಲು ಉಳಿಯುತ್ತಿದ್ದವನು ಜಾಬರ್ ಒಬ್ಬನೇ. ಅವನೊಂದು ಉಪಾಯ ಕಂಡುಕೊಂಡ. ಶೆಡ್ಡಿನ ಹಿಂದೆ ಖಾಲಿ ಜಾಗ, ಈ ಕಡೆ ದೊಡ್ಡ ತಗಡಿನ ಬಾಗಿಲು. ಗುಬ್ಬಿ ಆ ತುದಿಯ ಕಾಂಪೌಂಡಿನ ಹತ್ತಿರ ನಿಂತು ಆಜ್ಞೆ ಕೂಗಬೇಕು. ಜಾಬರ್ ಅಂಗೈಯನ್ನು ತಗಡಿಗೆ ಆನಿಸಿಕೊಂಡು ನಿಲ್ಲುತ್ತಾನೆ. ದನಿ ಬಂದು ಮುಟ್ಟಿದರೆ ತಗಡು ನಡುಗಬೇಕು. ಮಗ್ಗಗಳನ್ನು ಮುಟ್ಟಿ ಮುಟ್ಟಿ ಅವನ ಅಂಗೈಗೆ ಆ ಸೂಕ್ಷ್ಮ ಬಂದಿತ್ತು.

ಮಾವ ವ್ಯಾನಿನ ಕೀಲಿ ತಿರುಗಿಸುತ್ತ ಈ ವ್ಯವಸ್ಥೆ ನೋಡಿ, "ಕೋಣನ ಮುಂದೆ ಕಿನ್ನರಿ ಅಂತ ಕೇಳಿದ್ದೆ ಭಾವ. ಕಿವುಡನ ಮುಂದೆ ಕವಾಯತು ನೋಡ್ತಿರೋದು ಇದೇ ಮೊದಲು" ಅಂದ.

"ನಿನ್ನ ಕಿವಿ ಸರಿಯಾಗಿದ್ದರೆ ಸಾಕು, ಓಡು. ಆ ಮಕ್ಕಳು ಕೂಗ್ತಾ ಇರೋ ಹಾಗಿದೆ" ಎಂದು ಜಾಬರ್ ತುಟಿ ಆಡಿಸಿದ. ಮಾವನಿಗೆ ಶೆಡ್ಡಿನ ಮಾತು ಅರ್ಧ ಮಾತ್ರ ಬರುತ್ತಿತ್ತು. ಬೈದನೆಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ.

ಮೊದಮೊದಲು ಗುಬ್ಬಿಯ ಗಂಟಲಿನಿಂದ ಹೊರಟದ್ದು ಎಣ್ಣೆ ಕಾಣದ ಬಾಗಿಲಿನ ಕಿರ್ ಸದ್ದು. "ಹೊಟ್ಟೆಯಿಂದ ತೆಗಿ, ಗಂಟಲಿಂದ ಅಲ್ಲ" ಎಂದು ಮಾವ ಹೇಳಿಕೊಟ್ಟ. ಜಾಬರ್ ಹತ್ತಿರ ಹೋಗಿ ಅವಳ ಬೆನ್ನಿಗೆ ಕೈಯಿಟ್ಟು ಉಸಿರು ಎಲ್ಲಿಂದ ಏಳಬೇಕೆಂದು ತಟ್ಟಿ ತೋರಿಸಿದ. "ಬಲಕ್ಕೇ... ತಿರುಗ್!" ಎಂದು ಅವಳು ಕೂಗಿದರೆ ಕಾಂಪೌಂಡಿನ ಮೇಲಿನ ಕಾಗೆಯೂ ಕತ್ತು ತಿರುಗಿಸುತ್ತಿರಲಿಲ್ಲ. ಎದುರು ಬೀದಿಯ ಟೈಲರ್ ಮಾತ್ರ ಮನೆಗೆ ಬಂದು ಅಮ್ಮನನ್ನು ಕೇಳಿದ: "ನಿಮ್ಮ ಮಗಳಿಗೆ ಹುಷಾರಿಲ್ವಾ ಅಕ್ಕಾ? ಬೆಳಗಾದ್ರೆ ಅರಚ್ತಾಳೆ?"

"ಹುಷಾರಾಗ್ತಾ ಇದ್ದಾಳೆ" ಅಂದಳು ಅಮ್ಮ. ಅವಳಿಗೆ ಮಗಳು ಹೋಗುವುದು ಬೇಡವಾಗಿತ್ತು; ಮಗಳ ಬಗ್ಗೆ ಟೈಲರ್ ಮಾತಾಡುವುದು ಅದಕ್ಕಿಂತ ಬೇಡವಾಗಿತ್ತು.

ಮನೆಯೊಳಗೂ ತಯಾರಿ ನಡೆದಿತ್ತು. ಮಾವ ತಂದುಕೊಟ್ಟ ಬೂಟನ್ನು ಗುಬ್ಬಿ ಪಾತ್ರೆ ತೊಳೆಯುವಾಗಲೂ ಬಿಚ್ಚುತ್ತಿರಲಿಲ್ಲ. "ಮೊದಲು ಬೂಟು ಪಳಗಲಿ, ಆಮೇಲೆ ನೀನು ಪಳಗುವೆಯಂತೆ" ಎಂಬುದು ಮಾವನ ಅಪ್ಪಣೆ. ಹಿಮ್ಮಡಿ ಸುಲಿದು, ಆರಿ, ಗಟ್ಟಿಯಾಯಿತು. ಹಾಸಿಗೆಯ ಮೇಲಿನ ಚಾದರವನ್ನು ಸುಕ್ಕಿಲ್ಲದೆ ಎಳೆದು ಮಡಚುವುದು ಕಲಿತಳು. ತುತ್ತು ಇನ್ನೂ ಬಾಯಲ್ಲಿರುವಾಗ ತಟ್ಟೆ ತೊಳೆಯುವುದೂ ಬಂತು.

"ಇಷ್ಟು ವರ್ಷ ಬಾಯಿ ನೋಯೋ ಹಾಗೆ ಹೇಳಿದ್ರೂ ಲೋಟ ಎತ್ತಿಡದವಳು" ಎಂದು ಅಮ್ಮ ಗೊಣಗಿದಳು. "ಸರ್ಕಾರ ಹೇಳಬೇಕಾಯ್ತು."

ಒಂದು ಬೆಳಗ್ಗೆ ಜಾಬರ್ ಎಂದಿನಂತೆ ತಗಡಿಗೆ ಕೈ ಆನಿಸಿ ನಿಂತಿದ್ದ. ಗುಬ್ಬಿ ಬಾಯಿ ತೆರೆದಳು. ತಗಡು ನಡುಗಿತು. ಬೆರಳ ತುದಿಯಲ್ಲಿ ಅಲ್ಲ, ಮಣಿಕಟ್ಟಿನವರೆಗೆ ಏರಿ ಬಂತು. ಜಾಬರ್ ಕೈ ತೆಗೆದು, ಅಂಗೈ ನೋಡಿಕೊಂಡು, ಮತ್ತೆ ಇಟ್ಟ. ಅವಳು ಮತ್ತೆ ಕೂಗಿದಳು. ಮತ್ತೆ ಬಂತು. ಕಿವಿ ಹೋದ ಮೇಲೆ ಮಗಳ ದನಿ ಅವನನ್ನು ಮುಟ್ಟಿದ್ದು ಅದೇ ಮೊದಲು. ಸಂತೋಷದಿಂದ ಅವನ ಕಣ್ಣು ತುಂಬಿತು. ಹಿಂದೆಯೇ ತಾನೊಬ್ಬನೇ ಶೆಡ್ಡಿಗೆ ನಡೆದು ಹೋಗುವ ರಸ್ತೆ, ಬೆರಳು ತೋರಿಸುವವರಿಲ್ಲದ ಮಗ್ಗಗಳ ಸಾಲು, ಮೇಸ್ತ್ರಿಯ ಮುಖ, ಎಲ್ಲ ಕಣ್ಣ ಮುಂದೆ ಬಂದು ನಿಂತವು.

ಆ ತುದಿಯಿಂದ ಗುಬ್ಬಿ ಹುಬ್ಬೆತ್ತಿ ಕೇಳಿದಳು: ಬಂತಾ?

ಜಾಬರ್ ತಲೆಯಾಡಿಸಿದ. "ಸಾಲದು."

ಮರುದಿನವೂ ಸಾಲದು ಅಂದ. ಅದರ ಮರುದಿನವೂ. ತಗಡು ದಿನದಿನಕ್ಕೆ ಹೆಚ್ಚು ನಡುಗುತ್ತಿತ್ತು, ಅವನ ತಲೆ ದಿನದಿನಕ್ಕೆ ನಿಧಾನವಾಗಿ ಆಡುತ್ತಿತ್ತು. ಅಪ್ಪನ ಅಂಗೈ ಸುಳ್ಳು ಹೇಳೀತೆಂದು ಗುಬ್ಬಿ ಕನಸಿನಲ್ಲೂ ಎಣಿಸಿರಲಿಲ್ಲ. ಅವಳ ಗಂಟಲು ಊದಿಕೊಂಡಿತು. ಕೊನೆಗೊಂದು ದಿನ ಬೂಟು ಬಿಚ್ಚಿ ಮೂಲೆಗಿಟ್ಟು, "ನನ್ನ ಕೈಲಾಗಲ್ಲ ಅಪ್ಪಾ. ದನಿ ಇಲ್ಲದವರ ಮನೇಲಿ ಹುಟ್ಟಿದೀನಿ, ಎಲ್ಲಿಂದ ತರಲಿ? ಶೆಡ್ಡೇ ಸಾಕು ಬಿಡು" ಎಂದಳು.

ಅವನು ಬಯಸಿದ್ದು ಅದೇ. ಬಯಸಿದ್ದು ಕೈಗೆ ಬಂದಾಗ ಅದನ್ನು ಇಡುವುದೆಲ್ಲಿ ಎಂದು ತಿಳಿಯದೆ ಜಾಬರ್ ಬಚ್ಚಲಿಗೆ ಹೋಗಿ ಸುಮ್ಮನೆ ನಿಂತ. ಹಿಂದೆಯೇ ಹೆಂಡತಿ ಬಂದಳು. ತೋಳು ಚಿವುಟಿದಳು. ಅಂಥ ಚಿವುಟು ಮದುವೆ ಮನೆಯಲ್ಲೂ ಬಿದ್ದಿರಲಿಲ್ಲ.

"ನಂಗೆ ಕಿವಿ ಇದೆ" ಎಂದಳು. "ಬೀದಿ ಕೊನೇ ಮನೆವರೆಗೂ ಅವಳ ಕೂಗು ಕೇಳ್ತಿದೆ. ನಿಮ್ಮ ಕಿವಿ ಹೋಗಿದ್ದು ನಂಗೆ ಗೊತ್ತು. ಕೈ ಯಾವಾಗ ಹೋಯ್ತು?"

ಜಾಬರ್ ಗೋಡೆ ನೋಡಿದ. ಅವಳು ಅವನ ಮುಖವನ್ನು ಎಳೆದು ತಿರುಗಿಸಿಕೊಂಡಳು.

"ಬೇಡ ಅಂತ ನಾನೂ ಹೇಳ್ದೆ. ಅವಳ ಎದುರಿಗೆ ಹೇಳ್ದೆ. ನೀವು ಹೋಗು ಅಂತ ಎದುರಿಗೆ ಹೇಳಿ, ಬೇಡ ಅಂತ ಬೆನ್ನ ಹಿಂದೆ ಹೇಳ್ತಿದ್ದೀರಿ. ಅವಳು ಸೋತು ಕೂತ್ಕೊಂಡ್ರೆ ನಾಳೆ ಅವಳ ಕೈ ಹಿಡ್ಕೊಂಡು ರಸ್ತೆ ದಾಟೋಕೆ ಆಗುತ್ತಾ ನಿಮಗೆ?"

ಅವತ್ತು ಶೆಡ್ಡಿನಲ್ಲಿ, ಎಲ್ಲ ಮಗ್ಗಗಳೂ ಓಡುತ್ತಿದ್ದಾಗ, ಜಾಬರ್ ಪಾನಾ ಕೆಳಗಿಟ್ಟು ಮಗಳು ನಿಂತಿದ್ದ ಕಡೆ ಹೋದ. ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ. "ಬರ್ತಿತ್ತು ಗುಬ್ಬಿ. ಎಷ್ಟೋ ದಿನದಿಂದ ಇಲ್ಲೀವರೆಗೆ ಬರ್ತಿತ್ತು" ಎಂದು ಮಣಿಕಟ್ಟು ಮುಟ್ಟಿ ತೋರಿಸಿದ. "ನಾನೇ ಸುಳ್ಳು ಹೇಳ್ದೆ. ನೀನು ಹೋದ್ರೆ ನನ್ನ ಗತಿ ಏನು ಅಂತ."

ಸಾಲಿಗೆ ಸಾಲೇ ಓದಿಕೊಂಡಿತು. ನೂಲಿನ ಎಳೆ ಹರಿದದ್ದನ್ನೂ ನೋಡದೆ ಹೆಂಗಸರು ಕೈ ನಿಲ್ಲಿಸಿದರು. ಗುಬ್ಬಿ ಅಪ್ಪನ ಮುಖವನ್ನೇ ನೋಡಿದಳು, ಆಮೇಲೆ ತನ್ನ ಮುಖ ತಿರುಗಿಸಿಕೊಂಡಳು. ಕಿವುಡನಿಗೆ ಮುಖ ತಿರುಗಿಸುವುದೆಂದರೆ ಬಾಗಿಲು ಹಾಕಿ ಚಿಲಕ ಜಡಿದ ಹಾಗೆ. ಇಡೀ ದಿನ ಆ ಚಿಲಕ ತೆಗೆಯಲಿಲ್ಲ. ಸಂಜೆ ರಸ್ತೆಯಲ್ಲಿ ಲಾರಿ ಬಂದಾಗ ತೋಳು ಮಾತ್ರ ಎಳೆದಳು, ಮುಖ ಆ ಕಡೆಗೇ ಇಟ್ಟುಕೊಂಡು.

ಮರುದಿನ ಬೆಳಗ್ಗೆ ಎದ್ದು ನೋಡಿದರೆ ಮೂಲೆಯಲ್ಲಿ ಬೂಟು ಇರಲಿಲ್ಲ. ಜಾಬರ್ ಶೆಡ್ಡಿನ ಹಿಂದೆ ಹೋದಾಗ ಅವಳು ಕಾಂಪೌಂಡಿನ ಹತ್ತಿರ ನೆಟ್ಟಗೆ ನಿಂತಿದ್ದಳು, ಅವನ ಕಡೆ ಮುಖ ಮಾಡಿ. ಅವನು ತಗಡಿಗೆ ಕೈಯಿಟ್ಟ. ಅವಳು ಕೂಗಿದಳು. ಜಾಬರ್ ಎರಡೂ ಕೈ ಮೇಲೆತ್ತಿದ.

"ಈ ಸಲ ನಿಜಾನಾ?" ಎಂದು ಅವಳ ತುಟಿ ಕೇಳಿತು.

"ಕಾಗೆನೇ ಕೇಳು" ಎಂದ ಜಾಬರ್. ಕಾಂಪೌಂಡಿನ ಮೇಲೆ ಕಾಗೆ ಇರಲಿಲ್ಲ, ಆಗಲೇ ಹಾರಿಹೋಗಿತ್ತು. ಗುಬ್ಬಿಗೆ ನಗು ತಡೆಯಲಾಗಲಿಲ್ಲ.

ಅಲ್ಲಿಂದ ಮುಂದೆ ತಯಾರಿ ಇಬ್ಬರದ್ದಾಯಿತು. ಹೋಗುವವಳಿಗೆ ಕವಾಯತು, ಉಳಿಯುವವನಿಗೆ ಬೇರೆ ಪಾಠ. ಗುಬ್ಬಿ ಅವನ ಸೈಕಲ್ಲಿನ ಹಿಡಿಕೆಗೆ ಕನ್ನಡಿ ಕಟ್ಟಿದಳು. ಬಾಗಿಲಿನ ಗಂಟೆಯ ತಂತಿಗೆ ಒಂದು ದೀಪ ಜೋಡಿಸಿದಳು, ಯಾರಾದರೂ ಗುಂಡಿ ಒತ್ತಿದರೆ ಅದು ಮಿನುಗಬೇಕು. ಶೆಡ್ಡಿನಲ್ಲಿ ಹೆಂಗಸರು ತಾವಾಗಿಯೇ ಒಂದು ಏರ್ಪಾಡು ಮಾಡಿಕೊಂಡರು: ಯಾವ ಮಗ್ಗದ ಸದ್ದು ಕೆಟ್ಟರೂ ಹತ್ತಿರದವಳು ಕೆಂಪು ಚಿಂದಿ ಬೀಸುವುದು. ಅಂದು ಅವನ ತಪ್ಪೊಪ್ಪಿಗೆಯನ್ನು ಓದಿಕೊಂಡವರು ಅವರೇ ತಾನೆ? ಮೊದಲ ವಾರ ಸದ್ದು ಸರಿಯಿದ್ದ ಮಗ್ಗಕ್ಕೂ ಚಿಂದಿ ಬೀಸಿ ಅವನನ್ನು ಓಡಾಡಿಸಿದರು. "ಸೈನ್ಯಕ್ಕೆ ಸೇರಬೇಕಾದದ್ದು ನಾನೇ ಅನ್ಸುತ್ತೆ" ಎಂದು ಜಾಬರ್ ಏದುಸಿರು ಬಿಟ್ಟ.

ಎರಡನೆಯ ಭರ್ತಿಯಲ್ಲಿ ನಂಬರ್ ಕೂಗಲು ಹೇಳಿದಾಗ ಗುಬ್ಬಿ ಎಷ್ಟು ಜೋರಾಗಿ ಕೂಗಿದಳೆಂದರೆ ಪಕ್ಕದ ಸಾಲಿನವಳು ಬೆಚ್ಚಿ ತನ್ನ ನಂಬರ್ ಮರೆತಳಂತೆ. ಹೊರಡುವ ಹಿಂದಿನ ದಿನ ಅಮ್ಮ ಅಂಗಳದಲ್ಲಿ ಕೂರಿಸಿಕೊಂಡು ಅವಳ ಜಡೆ ಕತ್ತರಿಸಿದಳು. ಅಲ್ಲಿ ಯಾರೋ ಕತ್ತರಿಸುವ ಬದಲು ನಾನೇ ಕತ್ತರಿಸುತ್ತೇನೆ ಎಂದು ಹಟ ಹಿಡಿದಿದ್ದಳು. ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ ಆಯಿತು. ಮಾವ ಬಂದು ನೋಡಿ, "ಶತ್ರು ಇದನ್ನ ನೋಡಿದ್ರೆ ನಕ್ಕು ನಕ್ಕೇ ಬೀಳ್ತಾನೆ, ಗುಂಡು ಉಳೀತು" ಎಂದ. ಬಸ್ಸು ಹೊರಟಾಗ ಗುಬ್ಬಿ ಕಿಟಕಿಯ ಗಾಜಿನಾಚೆಯಿಂದ ಏನೇನೋ ಹೇಳುತ್ತಲೇ ಇದ್ದಳು. ಬೀಳ್ಕೊಡಲು ಬಂದ ಬೇರೆಯವರೆಲ್ಲ "ಏನು? ಕೇಳಿಸ್ತಿಲ್ಲ!" ಎಂದು ಬಸ್ಸಿನ ಜೊತೆ ಓಡಿದರು. ಜಾಬರ್ ನಿಂತಲ್ಲೇ ನಿಂತು ಉತ್ತರ ಕೊಟ್ಟ, ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ.

ತರಬೇತಿ ಅರ್ಧ ಮುಗಿದಾಗ ಮನೆಯವರು ಬಂದು ನೋಡಬಹುದಾದ ಒಂದು ದಿನವಿತ್ತು. ಅಪ್ಪ, ಅಮ್ಮ, ಮಾವ ಮೂವರೂ ಹೋದರು. ಮೈದಾನದ ಅಂಚಿಗೆ ಹಗ್ಗ ಕಟ್ಟಿ ಬೆಂಚು ಹಾಕಿದ್ದರು. ಒಂದೇ ಬಟ್ಟೆ, ಒಂದೇ ಕೂದಲು, ಒಂದೇ ಟೋಪಿ. ಜಾಬರನಿಗೆ ಮಗಳು ಸಿಗಲಿಲ್ಲ. ಎಲ್ಲರೂ ನೇರ ಮುಂದಕ್ಕೆ ನೋಡುತ್ತಿದ್ದರು. ಎಂಥ ಗುಂಪಿನಲ್ಲೂ ಒಂದು ಮುಖ ತನ್ನ ಕಡೆ ತಿರುಗುತ್ತದೆಂದು ನಂಬಿ ಬಂದವನು ಸಾಲಿನ ಮೇಲೆ ಕಣ್ಣಾಡಿಸಿ ಆಡಿಸಿ ಸೋತ.

ಹುಡುಗಿಯರು ಒಬ್ಬೊಬ್ಬರಾಗಿ ಸಾಲು ಬಿಟ್ಟು ಮುಂದೆ ಬಂದು, ಉಳಿದವರಿಗೆ ಆಜ್ಞೆ ಕೊಟ್ಟು, ಮತ್ತೆ ಸಾಲು ಸೇರುತ್ತಿದ್ದರು. ಒಬ್ಬಳ ಸರದಿಯಲ್ಲಿ ಸಾಲು ಅರೆಬರೆ ಅಲುಗಿತು. ಇನ್ನೊಬ್ಬಳ ಸರದಿಯಲ್ಲಿ ಮೊದಲು ಅಲುಗಲೇ ಇಲ್ಲ, ಕಲಿಸುವವಳು ಹತ್ತಿರ ಬಂದು ಏನೋ ಗದರಿದಳು. ಆಮೇಲೆ ಉದ್ದ ಕಾಲಿನವಳೊಬ್ಬಳು ಬಂದು ಇವರಿಗೆ ಬೆನ್ನು ಮಾಡಿ ನಿಂತಳು. ಅವಳ ಬಾಯಿ ಕಾಣುತ್ತಿರಲಿಲ್ಲ. ಭುಜ ಮೇಲೆದ್ದದ್ದು ಮಾತ್ರ ಕಂಡಿತು.

ಇಡೀ ಸಾಲು, ಒಂದೇ ಏಟಿಗೆ, ಬಲಕ್ಕೆ ತಿರುಗಿತು.

ಜಾಬರ್ ಬೆಂಚಿನಿಂದ ಎದ್ದುಬಿಟ್ಟ. ಪಕ್ಕದಲ್ಲಿ ಕೂತಿದ್ದವರು ಅವನನ್ನು ನೋಡಿದರು. ಅವನು ಯಾರನ್ನೂ ನೋಡಲಿಲ್ಲ. ಅಷ್ಟು ದೂರದಲ್ಲಿ, ಅಷ್ಟು ಜನರ ಮೈಯಲ್ಲಿ, ಮಗಳ ದನಿ ಹಾದುಹೋದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಕೊನೆಯಲ್ಲಿ ನಿಂತಿದ್ದ ದುಂಡುಮುಖದ ಹುಡುಗಿಯೊಬ್ಬಳು ಮಾತ್ರ ಎಡಕ್ಕೆ ತಿರುಗಿ, ಪಕ್ಕದವಳ ಮೂಗಿಗೆ ಮೂಗು ತಾಗುವಂತೆ ನಿಂತಿದ್ದಳು.

ಜಾಬರ್ ಗಾಬರಿಯಿಂದ ಹೆಂಡತಿಯ ತೋಳು ಹಿಡಿದ. "ಆ ತುದಿಯವಳಿಗೆ ಕೇಳಿಸಲಿಲ್ವಾ?"

"ಕೇಳಿಸ್ತು" ಎಂದಳು ಅವಳು, ಮುಖ ಪೂರ್ತಿ ಅವನ ಕಡೆ ತಿರುಗಿಸಿ. "ಎಲ್ಲರಿಗೂ ಕೇಳಿಸ್ತು. ಪಾಪ, ಅವಳಿಗೆ ಎಡ ಬಲ ಗೊತ್ತಿಲ್ಲ, ಅಷ್ಟೇ."